ಸಪ್ತಾಪುರದ ‘ಪದ ಊಹೆ’ ಬ್ಯಾಚ್: ಪುಸ್ತಕ ಚಲೋ, ಹುಡುಗ-ಹುಡುಗಿ ವಿಂಗಡಣೆ ದಂಡ

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ಫ್ಲೆಕ್ಸ್ ಇಲ್ಲದ ಕಂಬ ಸಿಗುವುದು ಅಪರೂಪ. ಪಿಎಸ್‌ಐ, ಎಫ್‌ಡಿಎ, ಕೆಎಎಸ್, ಬ್ಯಾಂಕಿಂಗ್ ಬೋರ್ಡುಗಳ ನಡುವೆ ಈಗ ಇನ್ನೊಂದು ಸೇರಿದೆ: ‘ಡಿಕ್ಷನರಿ ಇಲ್ಲದೆ ಇಂಗ್ಲಿಷ್. 30 ದಿನದಲ್ಲಿ ಪದ ಊಹಿಸುವ ಕಲೆ. ಹುಡುಗಿಯರಿಗೆ ಬೇರೆ, ಹುಡುಗರಿಗೆ ಬೇರೆ ಬ್ಯಾಚ್.’ ಫೀ 2,400 ರೂಪಾಯಿ, 112 ಪುಟದ ಅಭ್ಯಾಸ ಪುಸ್ತಕ ಸೇರಿ. ಪುಸ್ತಕ ಮಾತ್ರ ಬೇಕೆಂದರೆ 180. ದಿನಕ್ಕೆ 75 ನಿಮಿಷದಂತೆ 26 ತರಗತಿ, ಶನಿವಾರಕ್ಕೊಂದರಂತೆ ನಾಲ್ಕು ಓಎಂಆರ್ (ಉತ್ತರದ ವೃತ್ತ ತುಂಬುವ ಹಾಳೆಯ) ಟೆಸ್ಟ್. ಭಾನುವಾರವೂ ರಜೆ ಇಲ್ಲ. ಸಂಸ್ಥೆಯ ಹೆಸರು ಇಲ್ಲಿ ಬರೆಯುತ್ತಿಲ್ಲ. ಇದೇ ಅಚ್ಚಿನ ಬ್ಯಾಚುಗಳು ಹುಬ್ಬಳ್ಳಿ, ಗದಗ, ಹಾವೇರಿಗಳಲ್ಲೂ ಶುರುವಾಗುತ್ತಿವೆ. ಹಾಗಾಗಿ ಪದ್ಧತಿಯನ್ನೇ ತೂಗಿ ನೋಡುವುದು ಎಲ್ಲರಿಗೂ ಉಪಯೋಗ.

ಪುಸ್ತಕದ ಮೊದಲ ಪುಟದಲ್ಲಿ ಇಂಗ್ಲಿಷೇ ಇಲ್ಲ. ಅಲ್ಲಿರುವುದು ಈ ಮೂರು ಸಾಲು: ‘ಹೊಲಕ್ಕ ಹೊಂಟಾಂವ ಹೆಗಲಿಗೆ ಬುತ್ತಿ ಹಾಕ್ಕೊಂಡು, ಕೈಯಾಗ ತತ್ರಾಣಿ ಹಿಡಕೊಂಡ. ಬಿಸಲು ಏರಿತ್ತು. ನಡುದಾರಿಯೊಳಗ ಬೇವಿನ ಗಿಡದ ಬುಡಕ ಕುಂತು ತತ್ರಾಣಿ ಎತ್ತಿ ಗಟಗಟ ಕುಡದ.’ ಕೆಳಗೆ ಒಂದೇ ಪ್ರಶ್ನೆ, ತತ್ರಾಣಿ ಅಂದರೇನು? ಮಂಡ್ಯ, ಮೈಸೂರು ಕಡೆಯಿಂದ ಬಂದು ಇಲ್ಲಿ ಪಿಜಿಯಲ್ಲಿರುವ ಹುಡುಗರು ಈ ಪದ ಕೇಳಿರುವುದಿಲ್ಲ. ಆದರೂ ‘ನೀರಿನ ಪಾತ್ರೆ’ ಎಂದು ಬರೆದೇ ಬರೆಯುತ್ತಾರೆ. ಅದು ಮಣ್ಣಿನದು ಎಂಬುದು ಮಾತ್ರ ಯಾರಿಗೂ ಹೊಳೆಯುವುದಿಲ್ಲ, ಏಕೆಂದರೆ ಆ ಸುಳಿವು ಸಾಲಿನಲ್ಲಿಲ್ಲ. ಸಂದರ್ಭ ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ ಎಂಬುದು ಎರಡೇ ನಿಮಿಷದಲ್ಲಿ ಮನಸ್ಸಿಗೆ ನಾಟುವ ಇಂಥ ಆರಂಭ ಇಂಗ್ಲಿಷ್ ಗೈಡುಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವುದಿಲ್ಲ. ಪರೀಕ್ಷೆಯ ಪ್ಯಾಸೇಜಿಗೆ ‘ನೀರಿನ ಪಾತ್ರೆ’ ಅಷ್ಟೇ ಸಾಕು. ಮಣ್ಣೋ ತಾಮ್ರವೋ ಎಂದು ತಲೆ ಕೆಡಿಸಿಕೊಂಡು ಕೂತರೆ ಹೊತ್ತು ಹೋಗುತ್ತದೆ.

ನಂತರ ಐದು ಹೆಜ್ಜೆ ಬರುತ್ತವೆ. ಇದು ಯಾರದೆಂದು ಪುಸ್ತಕ ಹೇಳುವುದಿಲ್ಲ. ಭಾಷಾ ಬೋಧನೆಯ ಸಂಶೋಧಕರಾದ ಕ್ಲಾರ್ಕ್ ಮತ್ತು ಪಾಲ್ ನೇಶನ್ 1980ರಲ್ಲಿ ಕೊಟ್ಟ ಕ್ರಮವೇ ಇದು. ಕ್ರಮ ಹಳೆಯದಾದರೂ ಗಟ್ಟಿ. ಪುಸ್ತಕದ ಹತ್ತಿ ಮಾರಾಟದ ಸಾಲಿನ ಮೇಲೆ ಅದನ್ನು ಇಟ್ಟು ನೋಡೋಣ: ‘ದಿ ಫಾರ್ಮರ್ಸ್ ವರ್ ರಿಲಕ್ಟಂಟ್ ಟು ಸೆಲ್ ದೇರ್ ಕಾಟನ್, ಸೋ ದೇ ಕೆಪ್ಟ್ ಇಟ್ ಅಟ್ ಹೋಮ್ ಟಿಲ್ ದಿ ಪ್ರೈಸ್ ವೆಂಟ್ ಅಪ್.’ ಗೊತ್ತಿಲ್ಲದ ಪದ ರಿಲಕ್ಟಂಟ್.

ಮೊದಲು ಪದದ ಜಾತಿ ನೋಡಬೇಕು. ‘ವರ್’ ಆದಮೇಲೆ, ‘ಟು ಸೆಲ್’ ಮೊದಲು ಕೂತಿದೆ, ಅಂದರೆ ರೈತರು ‘ಹೇಗಿದ್ದರು’ ಎಂದು ಹೇಳುವ ಗುಣವಾಚಕ. ಎರಡನೆಯದು ಅಕ್ಕಪಕ್ಕ: ಯಾರು, ಏನು ಮಾಡುವ ಬಗ್ಗೆ? ರೈತರು, ಹತ್ತಿ ಮಾರುವ ಬಗ್ಗೆ. ಮೂರನೆಯದು ಸ್ವಲ್ಪ ದೂರದ ನೋಟ. ‘ಸೋ’ ಎಂಬ ಎರಡಕ್ಷರದ ಪದ ಇಲ್ಲಿ ಇಡೀ ಬೀಗ ತೆಗೆಯುತ್ತದೆ: ‘ಹಾಗಾಗಿ ಮನೆಯಲ್ಲೇ ಇಟ್ಟುಕೊಂಡರು’. ನಾಲ್ಕನೆಯದು ಊಹೆ, ‘ಮನಸ್ಸಿಲ್ಲದ’. ಐದನೆಯದು ತಾಳೆ. ಊಹಿಸಿದ ಅರ್ಥವನ್ನು ಪದದ ಜಾಗದಲ್ಲಿಟ್ಟು ಸಾಲು ಓದಬೇಕು, ಜಾತಿ ಹೊಂದುತ್ತದೆಯೇ ನೋಡಬೇಕು, ಪದವನ್ನು ತುಂಡು ಮಾಡಿ ಪರೀಕ್ಷಿಸಬೇಕು, ಕಡೆಗೆ ಡಿಕ್ಷನರಿ.

ತುಂಡು ಮಾಡುವ ಕೆಲಸ ಕೊನೆಗೆ ಬರುವುದಕ್ಕೆ ಕಾರಣವಿದೆ. ಮೊದಲೇ ಪದ ಒಡೆದು ಅರ್ಥ ಕಟ್ಟಿಕೊಂಡರೆ ಓದುಗ ಆಮೇಲೆ ಸಂದರ್ಭವನ್ನೇ ಆ ಅರ್ಥಕ್ಕೆ ಬಗ್ಗಿಸುತ್ತಾನೆ. ಈ ತರಗತಿ ಎಡವುವುದು ಇಲ್ಲೇ. ಪುಸ್ತಕದಲ್ಲಿ ಕ್ರಮ ಸರಿಯಿದ್ದರೂ ಒಂಬತ್ತನೇ ದಿನದಿಂದ ಮೇಷ್ಟ್ರು ಬೋರ್ಡಿನ ಮೇಲೆ ‘ಅನ್, ಇನ್, ಡಿಸ್, ಮಿಸ್’ ಪಟ್ಟಿ ಬರೆದು ಅಲ್ಲಿಂದಲೇ ಶುರು ಮಾಡಿಸುತ್ತಾರೆ. ಕನ್ನಡದವರಿಗೆ ಇದು ಸಲೀಸು: ಸಾಧ್ಯ-ಅಸಾಧ್ಯ, ದೋಷ-ನಿರ್ದೋಷ ಅಂದವರಿಗೆ ಪಾಸಿಬಲ್-ಇಂಪಾಸಿಬಲ್ ಹೊಸದಲ್ಲ. ಆ ಸಲೀಸೇ ಗುಂಡಿಗೆ ಕೆಡವುತ್ತದೆ. ‘ಇನ್‌ವ್ಯಾಲ್ಯುಯಬಲ್ ಹೆಲ್ಪ್’ ಅಂದರೆ ಬೆಲೆ ಕಟ್ಟಲಾಗದ ಸಹಾಯ, ಹುಡುಗರು ಬರೆಯುವುದು ‘ಬೆಲೆ ಇಲ್ಲದ ಸಹಾಯ’. ‘ಹಾರ್ಡ್ಲಿ ಸ್ಟಡೀಡ್’ ಎಂಬುದು ‘ಕಷ್ಟಪಟ್ಟು ಓದಿದ’ ಆಗುತ್ತದೆ, ನಿಜ ಅರ್ಥ ‘ಓದಲೇ ಇಲ್ಲ ಅನ್ನಬಹುದು’. ‘ಇನ್‌ಫ್ಲೇಮಬಲ್’ ಎಂದು ಬರೆದ ಟ್ಯಾಂಕರ್ ಬೆಂಕಿ ಹತ್ತದ್ದು ಎಂದು ನಂಬಿದವನ ಹತ್ತಿರ ಬೀಡಿ ಇರದಿದ್ದರೆ ಸಾಕು. ಕೈಗೆ ಸಿಕ್ಕಂತೆ ತೋರಿ ಮೋಸ ಮಾಡುವ ಇಂಥ ಪದಗಳನ್ನು ಬಟಿಯಾ ಲಾಫರ್ ಎಂಬ ಸಂಶೋಧಕಿ ಬಹಳ ಹಿಂದೆಯೇ ಗುರುತಿಸಿದ್ದರು. ಇವುಗಳ ತೊಂದರೆ ಏನೆಂದರೆ, ಗೊತ್ತಿಲ್ಲ ಎಂಬುದೇ ಓದುವವನಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಮೊದಲ ಹೆಜ್ಜೆಯನ್ನೇ ಇಡುವುದಿಲ್ಲ.

ನಮ್ಮ ಕಡೆಗೇ ಮೀಸಲಾದ ಇನ್ನೊಂದು ಬಲೆ ಕನ್ನಡಕ್ಕೆ ಬಂದು ನೆಲೆಸಿದ ಇಂಗ್ಲಿಷ್ ಪದಗಳದು. ಮೆಸ್ ಅಂದರೆ ಊಟದ ಜಾಗ, ಹೋಟೆಲ್ ಅಂದರೆ ಇಡ್ಲಿ-ವಡೆ, ಕರೆಂಟ್ ಅಂದರೆ ಹೆಸ್ಕಾಂ ಕೊಡುವ ವಿದ್ಯುತ್, ಡೌಟ್ ಅಂದರೆ ಮೇಷ್ಟ್ರಿಗೆ ಕೇಳುವ ಪ್ರಶ್ನೆ. ‘ದಿ ಅಕೌಂಟ್ಸ್ ವರ್ ಇನ್ ಎ ಮೆಸ್’ ಎಂಬ ಸಾಲಿಗೆ ‘ಲೆಕ್ಕದ ಪುಸ್ತಕ ಖಾನಾವಳಿಯೊಳಗ ಇದ್ದವು’ ಎಂಬ ಉತ್ತರ ಬಂದರೆ ನಗುವಂತಿಲ್ಲ (ನಿಜ ಅರ್ಥ ‘ಲೆಕ್ಕ ಅಸ್ತವ್ಯಸ್ತವಾಗಿತ್ತು’). ವ್ಯಾಕರಣವೂ ಹೊಂದಿತು, ಅರ್ಥವೂ ಒಂದು ಲೆಕ್ಕಕ್ಕೆ ಹೊಂದಿತು. ಹಿಂದುಮುಂದಿನ ಎರಡು ಸಾಲು ಓದಿದರೆ ಮಾತ್ರ ಬಯಲಾಗುವ ತಪ್ಪು. ಪುಸ್ತಕದ 41ರಿಂದ 46ನೇ ಪುಟದಲ್ಲಿ ಇಂಥ 60 ಪದಗಳಿವೆ. 180 ರೂಪಾಯಿ ಈ ಆರು ಪುಟಕ್ಕೇ ಸಂದಾಯ ಎಂದರೂ ನಷ್ಟವಿಲ್ಲ.

ಒಂದು ಮುಖ್ಯ ವಿಷಯವನ್ನು ಪುಸ್ತಕ ಬಿಟ್ಟಿದೆ. ಕನ್ನಡದಲ್ಲಿ ವಿವರಣೆ ಪದದ ಮೊದಲು ಬರುತ್ತದೆ: ‘ಹತ್ತಿ ಮಾರಲು ಒಲ್ಲದ ರೈತ’. ಇಂಗ್ಲಿಷಿನಲ್ಲಿ ‘ಹೂ’, ‘ವಿಚ್’, ಅಲ್ಪವಿರಾಮ, ‘ದಟ್ ಈಸ್’ ಎಲ್ಲವೂ ಪದ ಆದಮೇಲೆ. ಕನ್ನಡ ಓದಿ ರೂಢಿಯಾದ ಕಣ್ಣು ಗೊತ್ತಿಲ್ಲದ ಪದ ಕಂಡೊಡನೆ ಅಲ್ಲೇ ನಿಂತು ಎಡಕ್ಕೆ ತಿರುಗುತ್ತದೆ. ಸುಳಿವು ಬಲಗಡೆ ಕಾಯುತ್ತಿರುತ್ತದೆ. ಪದದ ಮೇಲೆ ಪೆನ್ಸಿಲ್ ಚುಕ್ಕೆ ಇಟ್ಟು, ನಿಲ್ಲದೆ ಪೂರ್ಣವಿರಾಮ ದಾಟಿ ಮುಂದಿನ ಸಾಲಿನ ಅರ್ಧದವರೆಗೆ ಓದುವ ಅಭ್ಯಾಸ ಮಾಡಿಸಿದರೆ ಸಾಕು, ಮುಕ್ಕಾಲು ತಡಕಾಟ ತಪ್ಪುತ್ತದೆ.

ಈಗ ಫ್ಲೆಕ್ಸ್ ಮೇಲಿನ ದೊಡ್ಡಕ್ಷರದ ವಿಷಯ. ಮೊದಲ ಮೂರು ದಿನ ಡೆಮೊ. ಆಗ ಹುಡುಗ-ಹುಡುಗಿಯರೆಲ್ಲ ಒಂದೇ ಕೋಣೆಯಲ್ಲಿ. ಎರಡನೇ ದಿನ ಬೋರ್ಡಿನ ಮೇಲೆ ಅದೇ ಹತ್ತಿಯ ಸಾಲು. ಮೇಷ್ಟ್ರು ರಿಲಕ್ಟಂಟ್ ಕೆಳಗೆ ಗೆರೆ ಎಳೆದು ಚಾಕ್ ಕೆಳಗಿಡುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ದನಿ:

“ಸಂಬಂಧಪಟ್ಟದ್ದು ರೀ ಸರ!”

ಅವನು ಓದಿಕೊಂಡದ್ದು ರಿಲವಂಟ್. ಮೊದಲಕ್ಷರ, ಕೊನೆಯಕ್ಷರ, ಉದ್ದ ಎಲ್ಲ ಹತ್ತಿರ ಇರುವುದರಿಂದ ಕಣ್ಣು ಪರಿಚಯದ ಪದಕ್ಕೆ ಜಾರಿತು. ಅವನ ಹಿಂದೆಯೇ ಇನ್ನೂ ಮೂವರು ‘ಸಿಟ್ಟಿಗೆದ್ದ’, ‘ಬಡ’, ‘ಸಾಲ ಮಾಡಿದ’ ಎಂದರು. ಎರಡನೇ ಸಾಲಿನ ಹುಡುಗಿಯ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ‘ಒಲ್ಲದ ಮನಸ್ಸು’ ಎಂದು ಬರೆದಿತ್ತು. ಅದರ ಮೇಲೆ ಅಂಗೈ ಇತ್ತು.

“ಸರಿ ಬರದೀಯಲ್ಲವ್ವಾ, ಯಾಕ ಹೇಳಲಿಲ್ಲ?”

“ಡೌಟ್ ಇತ್ರಿ ಸರ.”

ಇದನ್ನೇ ಹಿಡಿದು ಸಂಸ್ಥೆಯವರು ಸಿದ್ಧಾಂತ ಮಾಡಿಕೊಂಡಿದ್ದಾರೆ. ಹುಡುಗರು ಹುಟ್ಟಾ ಊಹೆ ಮಾಡುವವರು, ಹುಡುಗಿಯರು ಕಂಠಪಾಠದವರು. ಆದ್ದರಿಂದ ಬೆಳಿಗ್ಗೆ 7ರ ಹುಡುಗಿಯರ ಬ್ಯಾಚಿಗೆ ದಿನಕ್ಕೆ 25 ಪದದ ಪಟ್ಟಿ ಬಾಯಿಪಾಠ, ಸಂಜೆ 6ರ ಹುಡುಗರ ಬ್ಯಾಚಿಗೆ ಪ್ಯಾಸೇಜ್ ಅಭ್ಯಾಸ ಹೆಚ್ಚು. ಎರಡಕ್ಕೂ ಫೀ ಒಂದೇ. ಅಂದರೆ ಪದ ಊಹಿಸುವ ಕಲೆಗೆ ದುಡ್ಡು ಕೊಟ್ಟ ಹುಡುಗಿ ಊಹೆ ಕಲಿಯುವುದು ಹುಡುಗನಿಗಿಂತ ಕಡಿಮೆ.

ಆ ಬೋರ್ಡಿನ ಮುಂದೆ ನಿಜಕ್ಕೂ ಏನಾಯಿತು ನೋಡಿ. ನಾಲ್ಕು ಉತ್ತರ ಕೇಳಿಸಿದವು, ನಾಲ್ಕೂ ತಪ್ಪು. ಸರಿ ಉತ್ತರ ಕೈ ಕೆಳಗಿತ್ತು. ಅರ್ಥ ಹಿಡಿಯುವ ಶಕ್ತಿ ಒಂದು, ಹಿಡಿದದ್ದನ್ನು ಹೊರಗೆ ಹಾಕುವ ಧೈರ್ಯ ಇನ್ನೊಂದು. ಸಂಸ್ಥೆ ಎರಡನ್ನೂ ಒಂದೇ ಖಾತೆಗೆ ಬರೆದುಕೊಂಡಿದೆ.

ಸಂಶೋಧನೆ ಕೂಡ ಈ ಎರಡನ್ನು ಬೇರೆ ಇಟ್ಟೇ ನೋಡುತ್ತದೆ. ಸ್ಪೇನಿನಲ್ಲಿ ಹಿಮೆನೆಸ್ ಕತಲಾನ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಾಸ್ಕ್ ಮತ್ತು ಇಂಗ್ಲಿಷ್ ಕಲಿಯುವ 581 ಮಂದಿಗೆ ಪದ ಕಲಿಯುವ ಉಪಾಯಗಳ ಪ್ರಶ್ನಾವಳಿ ಕೊಟ್ಟಿದ್ದರು. ಹುಡುಗಿಯರು ಒಟ್ಟಾರೆ ಹೆಚ್ಚು ಉಪಾಯ ಬಳಸುವುದಾಗಿ ಹೇಳಿದರು. ಆದರೆ ಇಬ್ಬರೂ ಅತಿ ಹೆಚ್ಚು ಬಳಸುವ ಹತ್ತರ ಪಟ್ಟಿಯಲ್ಲಿ ಎಂಟು ಒಂದೇ ಆಗಿದ್ದವು. ಅದೂ ಪ್ರಶ್ನಾವಳಿ, ‘ನಾನು ಹೀಗೆ ಮಾಡುತ್ತೇನೆ’ ಎಂಬ ಟಿಕ್ಕು. ಪ್ಯಾಸೇಜ್ ಕೊಟ್ಟು ಕೂರಿಸಿದಾಗ ಮಾಡುವುದು ಬೇರೆ ಇರಬಹುದು. ಹಾಂಕಾಂಗ್‌ನಲ್ಲಿ ಬಾಯ್ಲ್ 1987ರಲ್ಲಿ 490 ವಿದ್ಯಾರ್ಥಿಗಳನ್ನು ಪರೀಕ್ಷಿಸಿದಾಗ ಒಟ್ಟು ಇಂಗ್ಲಿಷಿನಲ್ಲಿ ಹುಡುಗಿಯರು ಮುಂದಿದ್ದರು, ಕಿವಿಗೆ ಬಿದ್ದ ಪದ ಗುರುತಿಸುವುದರಲ್ಲಿ ಹುಡುಗರು. ಒಂದು ಕಡೆ ಇವರು, ಇನ್ನೊಂದು ಕಡೆ ಅವರು.

ಇಂಗ್ಲಿಷ್ ಕಲಿಯುವವರ ಮಾತು ಹಾಗಿರಲಿ, ಒಟ್ಟು ಭಾಷಾ ಸಾಮರ್ಥ್ಯದ ಬಗ್ಗೆ ಹೈಡ್ ಮತ್ತು ಲಿನ್ 1988ರಲ್ಲಿ 165 ಅಧ್ಯಯನಗಳನ್ನು ಕೂಡಿಸಿ ನೋಡಿದರು. ಅಂಕಗಳ ಹರಡುವಿಕೆಯನ್ನು (ಸ್ಟ್ಯಾಂಡರ್ಡ್ ಡೀವಿಯೇಶನ್) ಒಂದು ಎಂದಿಟ್ಟುಕೊಂಡರೆ ಹುಡುಗಿಯರ ಪರ ಸಿಕ್ಕ ಅಂತರ 0.11, ಪದಸಂಪತ್ತಿನಲ್ಲಂತೂ 0.02. ಈ 0.11 ಎಷ್ಟು ಸಣ್ಣದೆಂದರೆ, ಕಣ್ಣು ಮುಚ್ಚಿ ನೂರು ಹುಡುಗ-ಹುಡುಗಿ ಜೋಡಿ ಆರಿಸಿದರೆ ಸುಮಾರು 53 ಜೋಡಿಯಲ್ಲಿ ಹುಡುಗಿ ಮುಂದೆ, 47ರಲ್ಲಿ ಹುಡುಗ. ಈ ಅಂತರ ಹಿಡಿದುಕೊಂಡು ಎರಡು ಕೋಣೆ ಬಾಡಿಗೆ ಹಿಡಿಯುವುದು ವ್ಯಾಪಾರಕ್ಕೆ ಸರಿ ಹೋಗಬಹುದು, ಪಾಠಕ್ಕಲ್ಲ.

ಅಂತರ ಎದ್ದು ಕಾಣುವುದು ಓಎಂಆರ್ ಹಾಳೆಯ ಮೇಲೆ. 2014ರಲ್ಲಿ ಕೇಟಿ ಬಾಲ್ಡಿಗಾ ಅಮೆರಿಕದಲ್ಲಿ ಮಾಡಿದ ಪ್ರಯೋಗ ಇದಕ್ಕೆ ನೇರ ಸಂಬಂಧಿ. ತಪ್ಪಿಗೆ ಅಂಕ ಕಳೆಯದಿದ್ದಾಗ ಎಲ್ಲರೂ ಎಲ್ಲಕ್ಕೂ ಉತ್ತರಿಸಿದರು. ಅಂಕ ಕಳೆಯುತ್ತೇವೆ ಎಂದಾಗ ಹೆಂಗಸರು ಗಂಡಸರಿಗಿಂತ ಹೆಚ್ಚು ಪ್ರಶ್ನೆ ಬಿಟ್ಟರು. ಗೊತ್ತಿರುವುದು ಸರಿಸಮವಾಗಿದ್ದರೂ ಬಿಟ್ಟವರ ಅಂಕ ಕಡಿಮೆಯಾಯಿತು. ಅಮೆರಿಕದ ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆ 2016ರಿಂದ ತಪ್ಪಿಗೆ ಅಂಕ ಕಳೆಯುವುದನ್ನೇ ನಿಲ್ಲಿಸಿತು. ನಮ್ಮ ಹುಡುಗಿಯರು ಬರೆಯುವ ಪರೀಕ್ಷೆಗಳಲ್ಲಿ ಅದು ಇನ್ನೂ ಇದೆ. ಹಾಗಾಗಿ ಈ ಬ್ಯಾಚಿನಲ್ಲಿ ಹುಡುಗಿಯರಿಗೆ ಬೇಕಾದದ್ದು ಇನ್ನೊಂದು ಪದಪಟ್ಟಿ ಅಲ್ಲವೇ ಅಲ್ಲ, ಈ ಕೆಳಗಿನ ಲೆಕ್ಕ. ಪುಸ್ತಕದಲ್ಲಿ ಇದು ಒಂದು ಸಾಲೂ ಇಲ್ಲ.

ಕೇಂದ್ರ ಸರ್ಕಾರದ ಹುದ್ದೆಗಳ ಎಸ್‌ಎಸ್‌ಸಿ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ ಸರಿ ಉತ್ತರಕ್ಕೆ 2, ತಪ್ಪಿಗೆ ಅರ್ಧ ಅಂಕ ಕಡಿತ, ಅಂದರೆ ಕಾಲು ಭಾಗ. ಆಯ್ಕೆ ನಾಲ್ಕು. ಒಂದು ಅಂಕದ ಲೆಕ್ಕಕ್ಕೆ ತಂದು ಹೇಳುವುದಾದರೆ, ಏನೂ ಗೊತ್ತಿಲ್ಲದೆ ನೂರು ಪ್ರಶ್ನೆಗೆ ಗುಂಡು ಹೊಡೆದರೆ ಸರಾಸರಿ 25 ಸರಿ, 75 ತಪ್ಪು. 25ರಲ್ಲಿ 18.75 ಕಳೆದು 6.25 ಉಳಿಯುತ್ತದೆ. ಒಂದು ಆಯ್ಕೆ ಖಂಡಿತ ಅಲ್ಲ ಎಂದು ಹೊಡೆದುಹಾಕಿದರೆ ಉಳಿಯುವುದು 16.67. ಎರಡನ್ನು ಹೊಡೆದುಹಾಕಿದರೆ 37.5. ‘ಗುಣವಾಚಕ ಬೇಕು, ಇದು ಕ್ರಿಯಾಪದ’ ಎಂಬಷ್ಟರಿಂದಲೇ ಹಲವು ಸಲ ಒಂದು ಆಯ್ಕೆ ಹೋಗುತ್ತದೆ. ‘ಸೋ’, ‘ಬಟ್’, ‘ಆಲ್ದೋ’ ನೋಡಿ ಅರ್ಥ ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿದರೆ ಇನ್ನೊಂದು. ‘ಡೌಟ್ ಇತ್ರಿ’ ಎನ್ನುವ ಹುಡುಗಿ ಈ ಎರಡನ್ನೂ ದಾಟಿ ನಿಂತಿರುತ್ತಾಳೆ. ಅಂಥ ನೂರು ಪ್ರಶ್ನೆ ಬಿಟ್ಟರೆ ಸುಮ್ಮನೆ ಕೈಬಿಟ್ಟದ್ದು 37.5 ಅಂಕ.

ಐಬಿಪಿಎಸ್ ಬ್ಯಾಂಕ್ ಪರೀಕ್ಷೆಯಲ್ಲಿ ಆಯ್ಕೆ ಐದು, ಕಡಿತ ಕಾಲು. ಅಲ್ಲಿ ಕುರುಡು ಊಹೆಗೆ 20 ಬಂದು 20 ಹೋಗುತ್ತದೆ, ಸೊನ್ನೆ. ಒಂದು ಆಯ್ಕೆ ಹೋದರೆ 6.25, ಎರಡು ಹೋದರೆ 16.67. ಯುಪಿಎಸ್‌ಸಿ ಪ್ರಿಲಿಮ್ಸ್‌ನಲ್ಲಿ ನಾಲ್ಕು ಆಯ್ಕೆ, ಮೂರನೇ ಒಂದು ಕಡಿತ, ಕುರುಡು ಊಹೆಗೆ ಅಲ್ಲೂ ಸೊನ್ನೆ. ಅಂದರೆ ಹಿಂದಿನ ಬೆಂಚಿನ ಹುಡುಗನ ಗುಂಡಿಗೂ ಅಲ್ಲಿ ಲಾಭವಿಲ್ಲ. ಹುಡುಗರಿಗೆ ಬೇಕಾದದ್ದು ತಾಳೆ ನೋಡುವ ಐದನೇ ಹೆಜ್ಜೆ. ಅವರ ಸಂಜೆ ಬ್ಯಾಚಿನಲ್ಲಿ ಅದನ್ನೇ ಅವಸರದಲ್ಲಿ ಮುಗಿಸುತ್ತಾರೆ. ಊಹೆ ಎಷ್ಟು ಕೈಕೊಡುತ್ತದೆ ಎಂಬುದಕ್ಕೆ ಹೊಸೇನ್ ನಸಾಜಿ 2003ರಲ್ಲಿ ಕೊಟ್ಟ ಅಂಕಿ ನೆನಪಿಡಬೇಕು. 21 ಮಂದಿ ಕಲಿಯುವವರ 199 ಊಹೆಗಳಲ್ಲಿ ಪೂರ್ತಿ ಸರಿಯಾದದ್ದು ಶೇ 25.6, ಅರೆಬರೆ ಸರಿ ಶೇ 18.6. ಉಳಿದದ್ದು ತಪ್ಪು.

ಊಹೆ ತಪ್ಪುವುದಕ್ಕೆ ಕಲಿಯುವವರಷ್ಟೇ ಪ್ಯಾಸೇಜೂ ಕಾರಣ. ಪುಸ್ತಕದ ಪ್ಯಾಸೇಜುಗಳು ಸುಮಾರು 120 ಪದದವು. ಪ್ರತಿಯೊಂದರಲ್ಲೂ 10 ಪದ ದಪ್ಪಕ್ಷರದಲ್ಲಿವೆ. ನೂರಕ್ಕೆ ಎಂಟು ಪದ ಗೊತ್ತಿಲ್ಲದಂತಾಯಿತು. ನೆರವಿಲ್ಲದೆ ಓದಿ ಅರ್ಥ ಮಾಡಿಕೊಳ್ಳಲು ಶೇ 98ರಷ್ಟು ಪದ ಗೊತ್ತಿರಬೇಕು ಎಂಬುದು ಹೂ ಮತ್ತು ನೇಶನ್ 2000ದಲ್ಲಿ ಕಂಡುಕೊಂಡ ಅಳತೆ, ಅಂದರೆ ಐವತ್ತಕ್ಕೆ ಒಂದು ಹೊಸ ಪದ. ಲಾಫರ್ ಹೇಳಿದ್ದು ಸ್ವಲ್ಪ ಸಡಿಲ, ಶೇ 95. ಆ ಲೆಕ್ಕಕ್ಕೂ 120 ಪದಕ್ಕೆ ಆರು ಮೀರಬಾರದು. ಹತ್ತು ಇಟ್ಟರೆ ಒಂದು ಹೊಸ ಪದಕ್ಕೆ ಸುಳಿವು ಇನ್ನೊಂದು ಹೊಸ ಪದವೇ ಆಗುತ್ತದೆ. ಕುರುಡನ ಕೈ ಕುರುಡ ಹಿಡಿದಂತೆ. ಪುಸ್ತಕ ಕೊಂಡವರಿಗೆ ಉಪಾಯ ಇಷ್ಟೇ: ದಪ್ಪಕ್ಷರದ ಹತ್ತರಲ್ಲಿ ಏಳರ ಅರ್ಥ ಮೊದಲೇ ಅಂಚಿನಲ್ಲಿ ಬರೆದುಕೊಂಡು, ಮೂರನ್ನು ಮಾತ್ರ ಊಹೆಗೆ ಬಿಡುವುದು.

ಸುಳಿವುಗಳೂ ಬಹಳ ಸಿಹಿ. ಪ್ರತಿ ದಪ್ಪಕ್ಷರದ ಪಕ್ಕ ಅರ್ಥ ಹೇಳುವ ಪದ ಕಾದು ಕೂತಿದೆ. ನಿಜವಾದ ಪತ್ರಿಕೆಯಲ್ಲಿ ಹಾಗಿರುವುದಿಲ್ಲ. ‘ಹಿ ಲುಕ್ಡ್ ಅಟ್ ದಿ ಡೆರಿಲಿಕ್ಟ್ ಹೌಸ್ ಅಂಡ್ ವಾಕ್ಡ್ ಆನ್’ ಎಂಬಲ್ಲಿ ಮನೆ ಹೊಸದಿರಬಹುದು, ದೊಡ್ಡದಿರಬಹುದು, ಪಾಳು ಬಿದ್ದಿರಬಹುದು. ಇಲ್ಲಿ ಊಹೆ ಮಾಡಬಾರದು, ಬಿಟ್ಟು ಮುಂದೆ ಹೋಗಬೇಕು. ಬೆಕ್ ಮತ್ತು ಸಂಗಡಿಗರು 1983ರಲ್ಲಿ ಸಂದರ್ಭಗಳನ್ನು ನಾಲ್ಕು ಬಗೆ ಮಾಡಿದ್ದರು: ದಾರಿ ತೋರಿಸುವುದು, ಸುಮಾರು ದಿಕ್ಕು ತೋರಿಸುವುದು, ಏನೂ ತೋರಿಸದ್ದು, ದಾರಿ ತಪ್ಪಿಸುವುದು. ಪುಸ್ತಕ ಮೊದಲಿನ ಬಗೆಗೇ ಅಂಟಿಕೊಂಡಿದೆ. ಯಾವಾಗ ಊಹಿಸಬಾರದು ಎಂದು ಕಲಿಸದ ಊಹೆಯ ತರಗತಿ ಬ್ರೇಕ್ ಕಲಿಸದ ಡ್ರೈವಿಂಗ್ ಸ್ಕೂಲ್.

ಬ್ಯಾಚ್ ವಿಂಗಡಣೆಯಿಂದ ಆಗುವ ಇನ್ನೊಂದು ನಷ್ಟ ವೇಳಾಪಟ್ಟಿಯಲ್ಲಿದೆ. ಡೌಟ್ ಕೇಳುವ ಸಮಯ ಎರಡೂ ಬ್ಯಾಚಿಗೆ ಸೇರಿ ರಾತ್ರಿ 8ರಿಂದ 8.45. ಹುಡುಗಿಯರ ಪಿಜಿ ಬಾಗಿಲು ಹಾಕುವ ಹೊತ್ತದು. ಗದಗ, ಹಾವೇರಿ ಕಡೆಯಿಂದ ಶಕ್ತಿ ಯೋಜನೆಯ ಉಚಿತ ಟಿಕೆಟ್ಟಿನಲ್ಲಿ ಬಸ್ಸಿಗೆ ದಿನಾ ಬಂದುಹೋಗುವವರು ಅಷ್ಟೊತ್ತಿಗೆ ಊರಿನ ದಾರಿ ಹಿಡಿದಿರುತ್ತಾರೆ. ‘ಹುಡುಗಿಯರು ಡೌಟ್ ಕೇಳೋದ ಇಲ್ಲ, ಬಾಯಿಪಾಠ ಮಾಡ್ತಾರ’ ಎಂದು ಕೌಂಟರಿನಲ್ಲಿ ಹೇಳುವ ಮಾತಿಗೆ ಕಾರಣ ಗಡಿಯಾರದಲ್ಲೂ ಇದೆ. ಬೆಳಗಿನ ಬ್ಯಾಚ್ ಮುಗಿದ ಕೂಡಲೇ 8.15ರಿಂದ ಅರ್ಧ ತಾಸು ಕೊಟ್ಟರೆ ಮುಗಿಯಿತು, ಖರ್ಚೂ ಇಲ್ಲ.

ಕೋಣೆ ಬೇರೆ ಮಾಡದೆಯೇ ಉತ್ತರ ಹೇಳುವ ಧೈರ್ಯದ ಅಂತರ ಕಡಿಮೆ ಮಾಡಲು ಒಂದು ಸಣ್ಣ ನಿಯಮ ಸಾಕು. ಪದ ಬರೆದ ಮೇಲೆ 40 ಸೆಕೆಂಡ್ ಯಾರೂ ಬಾಯಿ ಬಿಡಬಾರದು, ಎಲ್ಲರೂ ಬರೆಯಬೇಕು. ಆಮೇಲೆ ಮೇಷ್ಟ್ರು ಹಾಜರಿ ನಂಬರ್ ಕರೆದು ಕೇಳಬೇಕು, ಉತ್ತರದ ಜೊತೆ ‘ಯಾವ ಪದ ನೋಡಿ ಹೀಗಂದಿ?’ ಎಂದೂ ಕೇಳಬೇಕು. ಹಿಂದಿನ ಬೆಂಚಿನವನಿಗೆ ಸುಳಿವು ತೋರಿಸುವ ಕೆಲಸ ಬೀಳುತ್ತದೆ, ಎರಡನೇ ಸಾಲಿನವಳಿಗೆ ಅಂಗೈ ಎತ್ತುವ ಅವಕಾಶ ಸಿಗುತ್ತದೆ.

ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವರು ತಮ್ಮ ತರಗತಿಯಲ್ಲಿ ಅಂತರ ಇದೆಯೇ ಎಂದು ನೋಡಬೇಕೆಂದರೆ ಸಂಸ್ಥೆಯ ಟೆಸ್ಟ್ ನಂಬಿ ಕೂರಬೇಕಿಲ್ಲ. ಸುಲಭದ 500 ಪದದ ಎರಡು ಪ್ಯಾಸೇಜ್ ತೆಗೆದುಕೊಳ್ಳಿ. ಪ್ರತಿಯೊಂದರಲ್ಲೂ 10 ಪದ ತೆಗೆದು ಆ ಜಾಗದಲ್ಲಿ ಇಲ್ಲದ ಪದ ಹಾಕಿ, ‘ಟಾಬ್ರಿಕ್’, ‘ಮೆಲ್ಲಂಟ್’ ತರಹದ್ದು. ಆಗ ಮೊದಲೇ ಗೊತ್ತಿತ್ತು ಎಂಬ ಗೊಂದಲ ಇರುವುದಿಲ್ಲ, ಶೇ 98ರ ಅಳತೆಯೂ ಕೂಡುತ್ತದೆ. ಕ್ರಿಯಾಪದದ ‘ಎಡ್’, ಬಹುವಚನದ ‘ಎಸ್’ ಉಳಿಸಿ, ಇಲ್ಲದಿದ್ದರೆ ಮೊದಲ ಹೆಜ್ಜೆಯೇ ಮುರಿಯುತ್ತದೆ. ಒಂದು ಹಾಳೆಗೆ ತಪ್ಪಿನ ಕಡಿತ ಇಲ್ಲ ಎಂದು ಬರೆಯಿರಿ, ಇನ್ನೊಂದಕ್ಕೆ ಇದೆ ಎಂದು ಬರೆಯಿರಿ. ಅರ್ಧ ತರಗತಿ ಒಂದನ್ನು ಮೊದಲು ಮಾಡಲಿ, ಉಳಿದರ್ಧ ಇನ್ನೊಂದನ್ನು. ನೀವು ಲೆಕ್ಕ ಹಾಕುವಾಗ ಎರಡೂ ಹಾಳೆಗೆ ಪೂರ್ತಿ ಸರಿಗೆ 2, ಅರೆ ಸರಿಗೆ 1, ತಪ್ಪಿಗೆ 0. ಖಾಲಿ ಬಿಟ್ಟದ್ದಕ್ಕೆ ಸೊನ್ನೆ ಹಾಕದೆ ಅಡ್ಡಗೆರೆ ಎಳೆಯಿರಿ. ಎಲ್ಲರೂ ಎಡವುವುದು ಇಲ್ಲೇ. ಖಾಲಿಯನ್ನೂ ಸೊನ್ನೆಯನ್ನೂ ಕೂಡಿಸಿದ ಕ್ಷಣ, ಬರೆಯದೆ ಬಿಟ್ಟವಳು ಗೊತ್ತಿಲ್ಲದವಳ ಸಾಲಿಗೆ ಸೇರುತ್ತಾಳೆ. ಅಂಕವನ್ನು ಉತ್ತರಿಸಿದ ಪ್ರಶ್ನೆಗಳಿಂದ ಭಾಗಿಸಿ ಒಂದು ಕಾಲಂ, ಖಾಲಿ ಎಷ್ಟು ಎಂದು ಇನ್ನೊಂದು ಕಾಲಂ. ಕನ್ನಡ ಮಾಧ್ಯಮದವರನ್ನು ಕನ್ನಡ ಮಾಧ್ಯಮದವರ ಜೊತೆಗೇ ಹೋಲಿಸಿ. ಹತ್ತನೇ ತರಗತಿವರೆಗೆ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಹುಡುಗರನ್ನು ಸರ್ಕಾರಿ ಶಾಲೆಯ ಹುಡುಗಿಯರ ಎದುರು ನಿಲ್ಲಿಸಿ ‘ಲಿಂಗಭೇದ’ ಎಂದು ತೋರಿಸುವ ಚಾರ್ಟುಗಳಿಗೆ ಕಡಿಮೆ ಇಲ್ಲ.

ಪುಸ್ತಕದ ಅಚ್ಚಿನ ಬಗ್ಗೆ ಎರಡು ಮಾತು. ಕಾಗದ ತೆಳುವು, ಹಿಂದಿನ ಪುಟದ ಅಕ್ಷರ ಕಾಣುತ್ತದೆ, ಜೆಲ್ ಪೆನ್ ಬೇಡ. ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿ ಕೊಟ್ಟದ್ದು ಒಳ್ಳೆಯದೇ, ಆದರೆ ‘ಪ್ರಿನ್ಸಿಪಲ್’ ಎಂದು ಬರೆದಾಗ ಕಾಲೇಜಿನ ಮುಖ್ಯಸ್ಥರೂ ಅದೇ, ತತ್ತ್ವವೂ ಅದೇ. ‘ಕಾಂಪ್ಲಿಮೆಂಟ್’ ಹೊಗಳಿಕೆಯೂ ಹೌದು, ಪೂರಕವೂ ಹೌದು. ಇಂಗ್ಲಿಷ್ ಸ್ಪೆಲ್ಲಿಂಗ್ ಪಕ್ಕದಲ್ಲಿ ಇಲ್ಲದ ಹಿಂಬದಿಯ ಪದಕೋಶದಲ್ಲಿ ಇಂಥ ಜೋಡಿಗಳು ಕಲಸಿಹೋಗಿವೆ. ಅದನ್ನು ಓದುವಾಗ ಆ ಪದ ಬಂದ ಪಾಠದ ಪುಟ ತೆರೆದಿಟ್ಟುಕೊಳ್ಳಬೇಕು.

ಪುಸ್ತಕ ಕೊಳ್ಳಬಹುದು, ವಿಶೇಷವಾಗಿ ಮೊದಲ 46 ಪುಟಕ್ಕೆ. 2,400 ಕೊಟ್ಟು ಹುಡುಗರ ಬ್ಯಾಚ್ ಸೇರುವುದು ನಡೆದೀತು. ಹುಡುಗಿಯರ ಬ್ಯಾಚ್ ಈಗಿರುವ ರೂಪದಲ್ಲಿ ಬೇಡ. ಸೇರಲೇಬೇಕೆಂದರೆ ಸಂಜೆಯ ಬ್ಯಾಚಿನಲ್ಲಿ ಕೂರುತ್ತೇವೆ ಎಂದು ಕೇಳಿ. ನಿಯಮದಲ್ಲಿ ಎಲ್ಲೂ ಆಗದು ಎಂದಿಲ್ಲ, ಕೇಳಿದವರಿಗೆ ಕೊಟ್ಟದ್ದೂ ಉಂಟು. ಬ್ಯಾಚ್ ಬೇಡ, ಅಭ್ಯಾಸ ಮಾತ್ರ ಬೇಕು ಎನ್ನುವವರಿಗೆ ಶನಿವಾರದ ಓಎಂಆರ್ ಟೆಸ್ಟಿಗೆ ಹೊರಗಿನವರನ್ನೂ ಕೂರಿಸುತ್ತಾರೆ, ಒಂದಕ್ಕೆ 50 ರೂಪಾಯಿ. ಶುಕ್ರವಾರ ಸಂಜೆಯೊಳಗೆ ಹೆಸರು ಹಚ್ಚಬೇಕು, ಕಪ್ಪು ಬಾಲ್ ಪೆನ್ ನಿಮ್ಮದೇ ಒಯ್ಯಬೇಕು. ಹಾಳೆ ವಾಪಸ್ ಕೊಡುವಾಗ ಒಟ್ಟು ಅಂಕ ಮಾತ್ರ ಬರೆದಿರುತ್ತಾರೆ, ಖಾಲಿ ಬಿಟ್ಟದ್ದೆಷ್ಟು ಎಂದು ನೀವೇ ಎಣಿಸಿಕೊಳ್ಳಬೇಕು.